ಮನೆಯ ಕಂಪ್ಯೂಟರ್‌ನಲ್ಲಿ ಕನ್ನಡ ಪುಸ್ತಕದ ಪುಟ ಕಟ್ಟಲು ಯಾವ ತಂತ್ರಾಂಶ?

ನಿಮ್ಮ ತಂದೆಯವರು ಬರೆದಿಟ್ಟ 200 ಪುಟದ ನೆನಪುಗಳನ್ನು ಹಬ್ಬದ ಹೊತ್ತಿಗೆ ನೀವೇ ಪುಸ್ತಕ ಮಾಡಬೇಕು. ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ‍್ಯಾಮ್. ಪರಿಚಯದವರು ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಹಾಕಿಕೊಳ್ಳಿ ಅಂದಿದ್ದಾರೆ, ಹಾಕಲಾ ಅಂತ ಕೇಳಿದ್ದೀರಿ. ಬೇಡ. ನಿಮ್ಮ ಕೆಲಸಕ್ಕೆ ವರ್ಡ್ ತರಹದ ಲಿಬ್ರೆಆಫೀಸ್ ರೈಟರ್ ಸಾಕು, ಅದು ಉಚಿತ.

ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಕನ್ನಡ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ಸಂಕೇತ ಇರುವ ವ್ಯವಸ್ಥೆ, ಗೊತ್ತಿಲ್ಲ. ಅದರಲ್ಲಿ ಕನ್ನಡ ಬೇಕೆಂದರೆ ಹಳೆಯ ಆಸ್ಕಿ ಫಾಂಟ್‌ಗಳೇ ಗತಿ. ಆ ಫಾಂಟ್‌ಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಫೈಲ್‌ನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಕೈತಪ್ಪಿದರೆ ಕನ್ನಡವೂ ಹೋಯಿತು.

ಇದನ್ನು ನಾನು ಅನುಭವಿಸಿದ್ದೇನೆ. ನಮ್ಮ ಸೋದರತ್ತೆ ಹಾಡುತ್ತಿದ್ದ ಸೋಬಾನೆ ಪದಗಳನ್ನು 2006ರಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಕೊಟ್ಟು ಪುಸ್ತಕ ಮಾಡಿಸಿದ್ದೆ. ಹನ್ನೆರಡು ವರ್ಷದ ನಂತರ ಮರುಮುದ್ರಣಕ್ಕೆ ಅಂತ ಸಿಡಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಆಸ್ಕಿ ಪಠ್ಯವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದೆ. ಬಹಳಷ್ಟು ಸರಿಯಾಯಿತು, ಆದರೆ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಜಾಗ ತಪ್ಪಿದ್ದವು. ಅಚ್ಚಾದ ಪುಸ್ತಕ ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ತಿದ್ದಿದೆ. ಅಷ್ಟರಲ್ಲಿ ಅತ್ತೆ ಇರಲಿಲ್ಲ. ಯಾವುದಾದರೂ ಪದ ಅನುಮಾನ ಬಂದರೆ ಕೇಳುವವರೇ ಇಲ್ಲ.

ಹಾಗಾಗಿ ಮೊದಲು ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಕನ್ನಡ ಟೈಪ್ ಮಾಡುವ ತಂತ್ರಾಂಶಗಳಾದ ನುಡಿ, ಬರಹ ಎರಡರಲ್ಲೂ ಆ ಆಯ್ಕೆ ಇದೆ. ಪಠ್ಯ ಯುನಿಕೋಡ್ ಆಗಿದ್ದರೆ ನಾಳೆ ಬೇರೆ ತಂತ್ರಾಂಶಕ್ಕೆ ಹೋದರೂ ಅಕ್ಷರ ಕೆಡುವುದಿಲ್ಲ.

ಇನ್ನು ರೈಟರ್. ಹೊಸಬರು ಎಲ್ಲರೂ ಎಡವುವ ಜಾಗ ಒಂದಿದೆ. ಕನ್ನಡವನ್ನು ಅದು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ (ಅಕ್ಷರಗಳು ಕೂಡಿ ರೂಪ ಬದಲಿಸುವ ಲಿಪಿಗಳು) ಗುಂಪಿಗೆ ಸೇರಿಸುತ್ತದೆ. ಭಾಷೆಯ ಆಯ್ಕೆಗಳಿಗೆ ಹೋಗಿ ಅದನ್ನು ಆನ್ ಮಾಡಿ. ಪ್ಯಾರಾಗ್ರಾಫ್ ಸ್ಟೈಲ್‌ನಲ್ಲೂ (ಪ್ಯಾರಾದ ಫಾಂಟ್, ಗಾತ್ರ, ಅಂತರವನ್ನು ಒಟ್ಟಿಗೆ ಹಿಡಿದಿಡುವ ಸೆಟ್ಟಿಂಗ್) ಕನ್ನಡದ ಫಾಂಟ್ ಮತ್ತು ಗಾತ್ರಕ್ಕೆ ಬೇರೆಯೇ ಭಾಗ ಇರುತ್ತದೆ. ಇಂಗ್ಲಿಷ್ ಭಾಗದಲ್ಲಿ ಎಷ್ಟು ಬದಲಾಯಿಸಿದರೂ ಕನ್ನಡ ಅಲುಗಾಡುವುದಿಲ್ಲ. ನಾನು ಒಂದು ಸಂಜೆ ಪೂರ್ತಿ ಇದರಲ್ಲೇ ಕಳೆದಿದ್ದೆ.

ಸಾಲಿನ ಅಂತರ ಧಾರಾಳವಾಗಿರಲಿ. ‘ರಾಷ್ಟ್ರ’ದಲ್ಲಿ ಎರಡು ಒತ್ತು ಕೆಳಗೆ ಇಳಿಯುತ್ತವೆ. ಕೆಳಗಿನ ಸಾಲಿನಲ್ಲಿ ಸರಿಯಾಗಿ ಅಲ್ಲೇ ‘ಕೀ’ ಬಂದರೆ ಗುಡಿಸಿಗೆ ಒತ್ತು ತಾಗುತ್ತದೆ. ಇಂಗ್ಲಿಷ್ ಪುಸ್ತಕದ ಅಳತೆ ಇಲ್ಲಿ ನಡೆಯುವುದಿಲ್ಲ. ನಾನು 12 ಪಾಯಿಂಟ್ ಅಕ್ಷರಕ್ಕೆ, ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕೆ, 19 ಪಾಯಿಂಟ್ ಅಂತರ ಕೊಡುತ್ತೇನೆ. ಫಾಂಟ್‌ನಿಂದ ಫಾಂಟ್‌ಗೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ವಯಸ್ಸಾದವರು ಓದುವ ಪುಸ್ತಕ ಅಲ್ವಾ, ಜಾಸ್ತಿ ಇದ್ದರೆ ನಷ್ಟವಿಲ್ಲ. ಫಾಂಟ್‌ಗೆ ನೋಟೋ ಸೆರಿಫ್ ಕನ್ನಡ ಅಥವಾ ಟಿರೋ ಕನ್ನಡ ನೋಡಿ, ಎರಡೂ ಉಚಿತ.

ಯಾವ ಫಾಂಟ್ ಆರಿಸಿದರೂ ಮೊದಲು ಈ ಪದಗಳನ್ನು ಟೈಪ್ ಮಾಡಿ ಪಿಡಿಎಫ್ ಮಾಡಿ ನೋಡಿ: ಸ್ತ್ರೀ, ಜ್ಞಾನ, ಸೂರ್ಯ, ಕೀರ್ತಿ, ರ‍್ಯಾಂಕ್, ಸಾಫ್ಟ್‌ವೇರ್. ಕೊನೆಯದರಲ್ಲಿ ‘ಟ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ. ಅದು ಕಳೆದುಹೋದರೆ ‘ವ’ ಒತ್ತಾಗಿ ಕೆಳಗೆ ಇಳಿದುಬಿಡುತ್ತದೆ.

ಫೋಟೋ ಜಾಸ್ತಿ ಇದ್ದರೆ ಪುಟ ಕಟ್ಟುವ ಉಚಿತ ತಂತ್ರಾಂಶ ಸ್ಕ್ರೈಬಸ್ ಒಳ್ಳೆಯದು. ಹಳೆಯ 1.4 ಮಾತ್ರ ಬೇಡ, ಅದರಲ್ಲಿ ಒತ್ತಕ್ಷರ ಒಡೆಯುತ್ತದೆ. 2024ರ ಜನವರಿಯಲ್ಲಿ ಬಂದ 1.6 ಅಥವಾ ಅದಕ್ಕಿಂತ ಹೊಸದನ್ನು ಹಾಕಿಕೊಳ್ಳಿ. ಬಣ್ಣದ ಮುಖಪುಟವನ್ನಂತೂ ಅದರಲ್ಲೇ ಮಾಡಿ. ಅಚ್ಚಿನವರಿಗೆ ಬೇಕಾದ ನಾಲ್ಕು ಬಣ್ಣದ ಪಿಡಿಎಫ್ ಅದು ಕೊಡುತ್ತದೆ. ಅಡೋಬಿಯ ಇನ್‌ಡಿಸೈನ್ ಕೂಡ ಪುಟ ಕಟ್ಟುವ ಒಳ್ಳೆಯ ತಂತ್ರಾಂಶ, ಆದರೆ ಚಂದಾ ಕಟ್ಟಬೇಕು. ಒಂದು ಪುಸ್ತಕಕ್ಕೆ ಸುಮ್ನೆ ಖರ್ಚು.

ನನಗೆ ತುಂಬ ಇಷ್ಟವಾದದ್ದು ಝೀಟೆಕ್ (XeTeX), ಟೆಕ್ ಎಂಬ ಪುಟ ಕಟ್ಟುವ ತಂತ್ರಾಂಶದ ಯುನಿಕೋಡ್ ರೂಪ. ಕನ್ನಡದಲ್ಲಿ ಪದಗಳು ಉದ್ದ. ಡೆಮಿ 1/8 (ಸಾಮಾನ್ಯ ಕನ್ನಡ ಪುಸ್ತಕದ ಗಾತ್ರ) ಪುಟದ ಕಿರಿದಾದ ಸಾಲಿನಲ್ಲಿ ಎರಡೂ ಅಂಚು ಸರಿ ಮಾಡಲು ಹೋದರೆ ಪದಗಳ ಮಧ್ಯೆ ದೊಡ್ಡ ದೊಡ್ಡ ಕಂಡಿ ಬೀಳುತ್ತವೆ. ಟೆಕ್ ಒಂದೊಂದೇ ಸಾಲು ಮುರಿಯುತ್ತಾ ಹೋಗುವುದಿಲ್ಲ, ಇಡೀ ಪ್ಯಾರಾ ನೋಡಿ ಎಲ್ಲಿ ಮುರಿದರೆ ಚೆನ್ನ ಅಂತ ತೀರ್ಮಾನಿಸುತ್ತದೆ. ಪುಟ ನೋಡಿದರೆ ಕಣ್ಣಿಗೆ ತಂಪು. ಆದರೆ ಇದರಲ್ಲಿ ಪಠ್ಯದ ಜೊತೆ ಆದೇಶಗಳನ್ನೂ ಬರೆಯಬೇಕು, ಕಲಿಯಲು ಕೆಲವು ವಾರ ಹಿಡಿಯುತ್ತದೆ. ಹಬ್ಬಕ್ಕೆ ಪುಸ್ತಕ ಬೇಕು ಅಂದಿದ್ದೀರಲ್ಲ, ಈ ಸಲ ರೈಟರ್‌ನಲ್ಲೇ ಮುಗಿಸಿ.

ಒಂದೇ ಒಂದು ಅಧ್ಯಾಯ ಮೊದಲು ಕಟ್ಟಿ. ಕಾಗದದ ಮೇಲೆ ಪ್ರಿಂಟ್ ತೆಗೆದು ನಿಮ್ಮ ತಂದೆಯವರ ಕೈಗೆ ಕೊಡಿ. ಅವರು ಕನ್ನಡಕ ಸರಿಮಾಡಿಕೊಳ್ಳದೆ ಓದಿದರೆ ಉಳಿದ ಅಧ್ಯಾಯಗಳಿಗೂ ಅದೇ ಸ್ಟೈಲ್ ಹಾಕಿ.