ಲಫೆವ್ರ್ ಅಂದ್ರೆ ಕಮ್ಮಾರ, ನಿನ್ನ 'ನೊಂ' ಯಾವುದು?

ತಮ್ಮಾ, ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಲೀಲ್‌ಗೆ ಹೊರಟಿದೀನಿ, ಆಫೀಸಿನಲ್ಲಿ ಇಬ್ಬರು ಲಫೆವ್ರ್, ಮನೆ ಮಾಲೀಕರೂ ಲಫೆವ್ರ್, ಎಲ್ಲ ಒಂದೇ ಮನೆತನದವರಾ ಅಂತ ಕೇಳಿದೀಯ. ಚಳಿ, ಅಕ್ಕಿಯ ವಿಚಾರವೂ ಕೇಳಿದೀಯ. ಚಳಿಯ ಬಟ್ಟೆ ಇಲ್ಲಿ ಫ್ರಾನ್ಸಿಗೆ ಬಂದ ಮೇಲೆ ಕೊಳ್ಳು. ಅಕ್ಕಿ, ಹುಣಸೆಹಣ್ಣಿಗೆ ಪ್ಯಾರಿಸ್ಸಿನ ಲಾ ಶಪೆಲ್‌ನಲ್ಲಿ ಶ್ರೀಲಂಕಾ ತಮಿಳರ ಅಂಗಡಿಗಳಿವೆ, ವೇಗದ ರೈಲಿನಲ್ಲಿ ಒಂದು ತಾಸು.

ಮನೆತನ ಒಂದೇ ಅಲ್ಲ. ಲ್ಯಾಟಿನ್ನಿನ 'ಫಾಬೆರ್' ಹಳೆ ಫ್ರೆಂಚಿನಲ್ಲಿ 'ಫೆವ್ರ್' ಆಯ್ತು, ಅಂದರೆ ಕಮ್ಮಾರ. ಧಾರವಾಡದ ಕಡೆ ಕಮ್ಮಾರ, ಬಡಿಗೇರ, ಪತ್ತಾರ ಇದ್ದ ಹಾಗೆ. ಊರೂರಿಗೆ ಕುಲುಮೆ, ಕುಲುಮೆಗೊಬ್ಬ ಲಫೆವ್ರ್. ಸಂಬಂಧವೇ ಇಲ್ಲದ ಮನೆಗಳಿಗೆ ಒಂದೇ ಹೆಸರು ಅಂಟಿಕೊಂಡಿತು. ಆದರೆ ಇದರಲ್ಲಿ ಜಾತಿ ಹುಡುಕಬೇಡ.

ನೀನು ಹೋಗ್ತಿರೋ ಉತ್ತರದಲ್ಲಿ, ನೋರ್, ಪಾ ದ ಕಲೆ, ಪಿಕಾರ್ದಿ, ನಾರ್ಮಂಡಿಯಲ್ಲಿ, ಈ ರೂಪ ಹೇರಳ. ದಕ್ಷಿಣಕ್ಕೆ ಹೋದರೆ ಅದೇ ಕಮ್ಮಾರ ಫಾಬ್ರ್, ಫೋರ್ ಆಗ್ತಾನೆ; ಕೀಟಗಳ ಬಗ್ಗೆ ಬರೆದ ಜಾನ್ ಆನ್ರಿ ಫಾಬ್ರ್ (1823–1915) ಆ ಕಡೆಯ ಅವೆರೋನ್‌ನವರು. ಸವುವಾದಲ್ಲಿ ಫಾವ್ರ್, ಬ್ರಿಟನಿಯಲ್ಲಿ ಲ ಗೋಫ್, ಅಲ್ಸಾಸ್‌ನಲ್ಲಿ ಶ್ಮಿಟ್.

ಲಫೆವ್ರ್ ಅನ್ನೋದನ್ನ Lefebvre ಅಂತ ಬರೀತಾರೆ. ನಡುವಿನ 'ಬಿ' ಬರೆಯಬೇಕು, ಉಚ್ಚರಿಸಬಾರದು. ಹಿಂದೆ 'ಯು' ಮತ್ತು 'ವಿ' ಒಂದೇ ಅಕ್ಷರ. ಇದು 'ವಿ' ಅಂತ ತೋರಿಸೋಕೂ ಲ್ಯಾಟಿನ್ ಮೂಲ ನೆನಪಿಸೋಕೂ ಬರವಣಿಗೆಯವರು 'ಬಿ' ಸೇರಿಸಿದರು. ಅದನ್ನೇ ತಪ್ಪಾಗಿ ಓದಿ 'ಲಫೆಬ್ಯೂರ್' ಅನ್ನೋ ಇನ್ನೊಂದು ಹೆಸರೂ ಹುಟ್ಟಿತು. ಬಿ ಇಲ್ಲದ ಲಫೆವ್ರ್‌ಗಳೂ ಇದಾರೆ, ಮೇಲ್ ಬರೆಯುವಾಗ ಸಹಿ ನೋಡಿಕೋ.

ಕಾಗುಣಿತ ಹೀಗೆ ಕಲ್ಲಾಗಿರೋದಕ್ಕೆ ಕಾನೂನಿದೆ. 1794ರ ಆಗಸ್ಟ್ 23ರ ಕಾನೂನು, ಜನನ ದಾಖಲೆಯಲ್ಲಿರೋ ಹೆಸರು ಬಿಟ್ಟು ಬೇರೆ ಇಟ್ಟುಕೊಳ್ಳಬಾರದು ಅಂತು. ನಿನಗೆ ತೊಂದರೆ ಬರೋದು ಇಲ್ಲೇ. ಫಾರ್ಮಿನಲ್ಲಿ 'ನೊಂ' ಅಂದರೆ ನಿನ್ನ ಹೆಸರಲ್ಲ, ಅಡ್ಡಹೆಸರು. ಕರೆಯುವ ಹೆಸರು 'ಪ್ರೆನೊಂ'. ನಮ್ಮವರು ಬಹಳ ಜನ ತಿರುಗಾಮುರುಗಾ ಬರೀತಾರೆ. ಆಮೇಲೆ ಬ್ಯಾಂಕಿನಲ್ಲೊಂದು ಹೆಸರು, ಆರೋಗ್ಯ ವಿಮೆಯಲ್ಲೊಂದು ಹೆಸರು, ಕಡತ ವಾಪಸು.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ವೀಸಾಕ್ಕೆ ಮುಂಚೆಯೇ ಸರಿ ಮಾಡಿಸು. ಇನಿಶಿಯಲ್ ಬಿಡಿಸಿ ಬರೆಸು. ಪದವಿ ಪತ್ರ, ಜನನ ಪತ್ರ, ಪಾಸ್‌ಪೋರ್ಟ್, ಮೂರರಲ್ಲೂ ಕಾಗುಣಿತ ಒಂದೇ ಇರಲಿ. ಜನನ ಪತ್ರದಲ್ಲಿ ಅಪ್ಪ ಅಮ್ಮನ ಹೆಸರಿರಬೇಕು. ಅದಕ್ಕೆ ಅಪೊಸ್ಟೀಲ್, ಅಂದರೆ ದಾಖಲೆ ಅಸಲಿ ಅಂತ ಬೇರೆ ದೇಶಕ್ಕೆ ತೋರಿಸೋ ಸರ್ಕಾರಿ ಮುದ್ರೆ, ಹಾಕಿಸಿಕೊಂಡು ಬಾ, ಪ್ರಮಾಣಿತ ಅನುವಾದಕರಿಂದ ಫ್ರೆಂಚಿಗೆ ಇಲ್ಲಿ ಬಂದ ಮೇಲೆ ಮಾಡಿಸು.

ಆ ಖಾಲಿ ಜಾಗಕ್ಕೆ ಏನು ತುಂಬೋದು ಅಂತ ಮನೆಯಲ್ಲಿ ಕೂತು ಮಾತಾಡು. ಇಲ್ಲಿ ಮಗು ಹುಟ್ಟಿದರೆ ಮೇರಿಯಲ್ಲಿ, ಅಂದರೆ ಪುರಸಭೆ ಕಚೇರಿಯಲ್ಲಿ, ನೋಂದಾಯಿಸೋಕೆ ಐದು ದಿನ, ನಿನ್ನ 'ನೊಂ' ಮಗುವಿಗೂ ಹೋಗಬಹುದು. ಬಂದ ಅವಸರದಲ್ಲಿ ನಾನು ಅಪ್ಪನ ಹೆಸರು ತುಂಬಿದೆ. ಮಗಳ ಹಾಜರಿ ಪಟ್ಟಿಯಲ್ಲಿ ಈಗ ಮೊದಲು ಕೂಗೋದು ಅವಳ ತಾತನ ಹೆಸರು. ಊರಿನ ಹೆಸರು ಹಾಕಬಹುದಿತ್ತು.

ಪಾಸ್‌ಪೋರ್ಟಿನ ಫೋಟೋ ಪುಟ ಒಮ್ಮೆ ನೋಡು. ಖಾಲಿ ಇದ್ದರೆ ಟಿಕೆಟ್ ಆಮೇಲೆ ತೆಗಿ.