ಒಂದು ‘ಶ’ ಬಾರದೆ ಸತ್ತವರು

ಪ್ರಶ್ನೆ: ಇಂಗ್ಲಿಷ್ ಪತ್ರಿಕೆಯೊಂದರ ಸಂಪಾದಕೀಯದಲ್ಲಿ ‘ಪಕ್ಷ ತನ್ನ ಹಳೇ ಶಿಬ್ಬೊಲೆತ್‌ಗಳನ್ನು ಬಿಡಬೇಕು’ ಅಂತ ಓದಿದೆ. ಮೂಲ ಹುಡುಕಿದರೆ ‘ತೆನೆ’ ಅಂತ ಬಂತು! ಪಕ್ಷಕ್ಕೂ ತೆನೆಗೂ ಏನು ಸಂಬಂಧ? – ಓದುಗರು, ಹಾಸನ

ಉತ್ತರ: ಹಾಸನದವರು ಕೇಳುವ ಪ್ರಶ್ನೆಯೇ ಇದು! ಆದರೆ ನಿಮ್ಮ ಕಡೆಯ ತೆನೆ ಹೊತ್ತ ಮಹಿಳೆಗೂ ಇದಕ್ಕೂ ಸಂಬಂಧ ಇಲ್ಲ. ಇದು ಹೀಬ್ರೂ ಪದ. ಕಾಳಿನ ತೆನೆ ಅಂತ ಅರ್ಥ, ಹರಿಯುವ ನೀರು ಅಂತಲೂ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಅದು ಉಳಿದಿದ್ದು ಮಾತ್ರ ಅರ್ಥದಿಂದಲ್ಲ, ಉಚ್ಚಾರದಿಂದ.

ಕತೆ ಬೈಬಲ್ಲಿನ ‘ನ್ಯಾಯಸ್ಥಾಪಕರು’ ಪುಸ್ತಕದ 12ನೇ ಅಧ್ಯಾಯದಲ್ಲಿದೆ. ಗಿಲ್ಯಾದಿನವರಿಗೂ ಎಫ್ರಾಯೀಮ್ ಕುಲದವರಿಗೂ ಯುದ್ಧ. ಸೋತ ಎಫ್ರಾಯೀಮಿನವರು ಊರು ಸೇರಬೇಕೆಂದರೆ ಯೊರ್ದನ್ ಹೊಳೆ ದಾಟಬೇಕು, ದಾಟುವ ಜಾಗದಲ್ಲೇ ಗಿಲ್ಯಾದಿನವರು ಕಾದು ನಿಂತಿದ್ದರು. ನೀನು ಎಫ್ರಾಯೀಮಿನವನಾ? ಅಲ್ಲ. ಹಾಗಾದರೆ ಎಲ್ಲಿ, ‘ಶಿಬ್ಬೊಲೆತ್’ ಅನ್ನು ನೋಡೋಣ. ಅವನ ಬಾಯಲ್ಲಿ ‘ಸಿಬ್ಬೊಲೆತ್’ ಬರುತ್ತಿತ್ತು. ಹಿಡಿದು ಅಲ್ಲೇ ಕೊಲ್ಲುತ್ತಿದ್ದರು. ಹೀಗೆ ಸತ್ತವರು 42,000 ಅಂತ ಅಲ್ಲಿ ಬರೆದಿದೆ.

ನಮಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ, ಅಲ್ವಾ? ಶಶಿಯನ್ನು ಸಸಿ, ಆಕಾಶವನ್ನು ಆಗಸ ಮಾಡಿಕೊಂಡವರು ನಾವು. ಶಾಲೆಯಲ್ಲಿ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ‘ಶೇಷಶಾಯಿ’ ಅಂತ ಹತ್ತು ಸಲ ಹೇಳಿಸಿದ್ದರು. ಹತ್ತು ಸಲವೂ ‘ಸೇಸಸಾಯಿ’ಯೇ ಬಂತು, ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಯೊರ್ದನ್ ಆಗಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ.

ಸುಮ್ನೆ ಹಳೇ ಪುರಾಣ ಅಂದುಕೊಳ್ಳಬೇಡಿ. 1937ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಸರ್ವಾಧಿಕಾರಿ ಟ್ರುಹಿಯೊನ ಸೈನಿಕರು ಸಾವಿರಾರು ಹೈಟಿ ಮೂಲದವರನ್ನು ಕೊಂದರು. ಕೊತ್ತಂಬರಿಯಂಥ ಪಾರ್ಸ್ಲಿ ಸೊಪ್ಪು ತೋರಿಸಿ ಅದರ ಸ್ಪ್ಯಾನಿಷ್ ಹೆಸರು ‘ಪೆರೆಹಿಲ್’ ಅಂತ ಹೇಳಿಸುತ್ತಿದ್ದರಂತೆ, ‘ರ’ ತಡವರಿಸಿದವನು ಹೈಟಿಯವನು ಅಂತ ಲೆಕ್ಕ. ಅದಕ್ಕೇ ಅದನ್ನು ಪಾರ್ಸ್ಲಿ ಹತ್ಯಾಕಾಂಡ ಅನ್ನುತ್ತಾರೆ.

ಇಂಗ್ಲಿಷಿನಲ್ಲಿ ಮೊದಲು ಇವನು ನಮ್ಮವನೋ ಹೊರಗಿನವನೋ ಅಂತ ತಿಳಿಸುವ ಪದಕ್ಕೆ ಶಿಬ್ಬೊಲೆತ್ ಅನ್ನುತ್ತಿದ್ದರು. ಆಮೇಲೆ ಒಂದು ಗುಂಪಿನವರು ನಮ್ಮ ಗುರುತು ಅಂತ ಹಿಡಿದುಕೊಂಡ ನಡೆ, ನುಡಿ, ನಂಬಿಕೆಗೂ ಅದೇ ಹೆಸರಾಯಿತು. ಕೊನೆಗೆ, ಅರ್ಥ ಸವೆದುಹೋದರೂ ಎಲ್ಲರೂ ಗಿಳಿಪಾಠ ಒಪ್ಪಿಸುವ ಘೋಷಣೆಗೂ ಬಂತು. ನಿಮ್ಮ ಸಂಪಾದಕೀಯದಲ್ಲಿ ಇರುವುದು ಈ ಕೊನೆಯದು. ಕನ್ನಡದಲ್ಲಿ ‘ಸವಕಲು ಮಂತ್ರ’ ಅಂದರೆ ಹತ್ತಿರ ಬರುತ್ತದೆ. ಇಂಗ್ಲಿಷಿನವರು ಈಗ ‘ಶಿಬಲೆತ್’ ಅಂತ ಮೊದಲ ಅಕ್ಷರ ಒತ್ತಿ ಹೇಳುತ್ತಾರೆ.