ಒಂದು ವಾರ, ಒಂದೇ ಅಳಿವೆ

ಪ್ರಶ್ನೆ: ಡಿಸೆಂಬರಿನಲ್ಲಿ ಒಂದು ವಾರ ರಜೆ ಸಿಗುತ್ತದೆ. ಮಕ್ಕಳಿಬ್ಬರಿಗೆ 9 ಮತ್ತು 13 ವರ್ಷ. ಕಾರವಾರ, ಗೋಕರ್ಣ, ಮುರ್ಡೇಶ್ವರ, ಮಲ್ಪೆ ಅಂತ ದಿನಕ್ಕೊಂದು ಕಡೆ ದೋಣಿ ಹತ್ತಿ ಡಾಲ್ಫಿನ್, ಹಕ್ಕಿ ನೋಡುವ ಯೋಚನೆ. ಈ ಪ್ಲಾನ್ ಸರಿ ಇದೆಯಾ?
– ಓದುಗರು, ದಾವಣಗೆರೆ

ನಾನಾದರೆ ಹಾಗೆ ಮಾಡುವುದಿಲ್ಲ. ವಾರವೆಲ್ಲ ಹೆದ್ದಾರಿಯಲ್ಲೇ ಕಳೆದುಹೋಗುತ್ತದೆ. ನಾನು ಕುಮಟಾದವನು, ನಮ್ಮ ಕಡೆಯ ಮೇಲೆ ಪ್ರೀತಿ ಜಾಸ್ತಿಯೇ ಇದೆ. ಆದರೂ ಮಕ್ಕಳ ದೃಷ್ಟಿಯಿಂದಲೇ ಹೇಳುತ್ತೇನೆ: ಗೋಕರ್ಣದಲ್ಲೋ ಕುಮಟಾದಲ್ಲೋ ಉಳಿದು ಇಡೀ ವಾರ ಅಘನಾಶಿನಿ ಅಳಿವೆಗೆ, ಅಂದರೆ ಆ ನದಿ ಕಡಲು ಸೇರುವ ಜಾಗಕ್ಕೆ, ಕೊಡಿ. ಈ ನದಿಗೆ ಎಲ್ಲೂ ಅಣೆಕಟ್ಟು ಕಟ್ಟಿಲ್ಲ. ಶಿರಸಿ ಕಡೆಯಿಂದ ಇಳಿದು ಬಂದ ನೀರು ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಸಿಹಿನೀರು, ಉಪ್ಪುನೀರು ಎರಡೂ ಬೆರೆಯುವ ಜಾಗವಾದ್ದರಿಂದ ಮೀನು, ಸಿಗಡಿ, ಏಡಿ ಎಲ್ಲವೂ ಇಲ್ಲಿ ಮರಿ ಬೆಳೆಸುತ್ತವೆ. 2024ರಲ್ಲಿ ಇದು ರಾಮ್ಸರ್ ತಾಣಗಳ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿತು.

ಹೊರಡುವ ಮೊದಲು ಪಂಚಾಂಗ ನೋಡಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನಲ್ಲಿ ವಾರ ಶುರುವಾಗಲಿ. ಆಗ ಭರತವೂ (ನೀರಿನ ಉಬ್ಬರ) ದೊಡ್ಡದು, ಇಳಿತವೂ ದೊಡ್ಡದು. ಬೆಳಗಿನ ಹೊತ್ತಿಗೆ ನೀರು ಚೆನ್ನಾಗಿ ಇಳಿದು ಕೆಸರು ಬಯಲು ತೆರೆದುಕೊಳ್ಳುತ್ತದೆ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಸೋಮವಾರ ಬೆಳಗ್ಗೆ 6ಕ್ಕೆ ಪೂರ್ತಿ ಇಳಿದ ನೀರು ಶನಿವಾರ ಇಳಿಯುವುದು 10 ಗಂಟೆ ದಾಟಿದ ಮೇಲೆ. ಹಾಗಾಗಿ ದೋಣಿಯವರನ್ನು "ಎಷ್ಟು ಗಂಟೆಗೆ ಬರ್ಲಿ?" ಅಂತ ಕೇಳಬೇಡಿ. "ನಾಳೆ ಇಳಿತ ಯಾವಾಗ, ಭರತ ಯಾವಾಗ?" ಅಂತ ಕೇಳಿ. ಅವರ ಮುಖವೇ ಅರಳುತ್ತದೆ.

ಇಳಿತದಲ್ಲಿ ಡಾಲ್ಫಿನ್ ಮರೆತುಬಿಡಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕ ದೋಣಿ ನಿಲ್ಲಿಸಿ. ಗಂಡು ಪಿಟೀಲು ಏಡಿಗೆ ಒಂದು ಕೊಂಬು ಮಾತ್ರ ದೊಡ್ಡದು, ಹೆಚ್ಚುಕಡಿಮೆ ಮೈಯಷ್ಟೇ. ಅದನ್ನೆತ್ತಿ ಬೀಸುತ್ತಾ ಬಿಲದ ಬಾಯಲ್ಲಿ ನಿಂತು ಹೆಣ್ಣನ್ನು ಕರೆಯುತ್ತದೆ. ನೆರಳು ಬಿದ್ದರೆ ಇಡೀ ಬಯಲಿನ ಏಡಿಗಳು ಒಮ್ಮೆಲೇ ಬಿಲಕ್ಕಿಳಿಯುತ್ತವೆ. ಐದು ನಿಮಿಷ ಅಲ್ಲಾಡದೆ ಕೂತರೆ ಒಂದೊಂದಾಗಿ ಮತ್ತೆ ಹೊರಗೆ. ನಿಮ್ಮ ಸಣ್ಣವರಿಗೆ ಇಷ್ಟೇ ಸಾಕು, ದೋಣಿ ಮುಂದೆ ಹೋಗಲು ಬಿಡುವುದಿಲ್ಲ. ಅಲ್ಲೇ ಉದ್ದ ಬಾಗಿದ ಕೊಕ್ಕಿನ ಕರ್ಲ್ಯೂ ಹಕ್ಕಿ ಕೆಸರೊಳಗೆ ಕೊಕ್ಕು ಇಳಿಸಿ ಹುಳ ಎಳೆಯುತ್ತಿರುತ್ತದೆ. ಉತ್ತರದ ಚಳಿಯಿಂದ ನಮ್ಮಲ್ಲಿಗೆ ಬರುವ ಅತಿಥಿ ಅದು. ಆಚೆ ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವ ಹೆಂಗಸರು ಮಂಡಿಮಟ್ಟ ನೀರಲ್ಲಿ ನಿಂತಿರುತ್ತಾರೆ. ಅವರ ಹತ್ತಿರ ಎಂಜಿನ್ ಜೋರು ಮಾಡಬಾರದು, ಕೇಳದೆ ಫೋಟೋ ತೆಗೆಯಬಾರದು.

ನೀರು ಏರತೊಡಗಿದಾಗ ಅಳಿವೆಯ ಬಾಯಿಗೆ ಬನ್ನಿ. ಮೀನು ಒಳಗೆ ಬರುತ್ತದೆ, ಅದರ ಹಿಂದೆ ಡಾಲ್ಫಿನ್ ಬರುತ್ತದೆ. ದಡದ ಹತ್ತಿರದ ಆಳವಿಲ್ಲದ ನೀರೇ ಇಷ್ಟಪಡುವ, ಬೆನ್ನ ಮೇಲೆ ಡುಬ್ಬವಿರುವ ಜಾತಿ ಇದು. ಎಂಜಿನ್ ಆಫ್ ಮಾಡಿಸಿ. ಮೊದಲು ಕಿವಿಗೇ ಸಿಗುತ್ತದೆ: 'ಪುಸ್' ಅಂತ ಉಸಿರು ಬಿಟ್ಟ ಸದ್ದು. ಆಮೇಲೆ ಉದ್ದ ಮೂತಿ, ಡುಬ್ಬ, ಅದರ ಮೇಲಿನ ಸಣ್ಣ ರೆಕ್ಕೆ, ಅಷ್ಟೇ. ಪಕ್ಕದಲ್ಲಿ ಮರಿ ಇದ್ದರೆ ಎರಡು ಉಸಿರು ಬೆನ್ನುಬೆನ್ನಿಗೆ ಕೇಳಿಸುತ್ತವೆ. ನಾನು ಎಷ್ಟು ಸಲ ಕೇಳಿದ್ದರೂ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ. ಅದನ್ನು ಅಟ್ಟಿಸಿಕೊಂಡು ಹೋಗುವ ಬೋಟುಗಳನ್ನು ಕಂಡರೆ ನನಗೆ ನಿಜವಾಗಲೂ ಸಂಕಟವಾಗುತ್ತದೆ. ಡಾಲ್ಫಿನ್ ಸದ್ದಿನಿಂದಲೇ ಮೀನು ಹುಡುಕುವುದು. ನಾಲ್ಕು ಎಂಜಿನ್ ಸುತ್ತುವರಿದರೆ ಅದು ಬೇಟೆ ಬಿಟ್ಟು ಓಡಬೇಕಾಗುತ್ತದೆ. "ಹತ್ತಿರ ಬೇಡ, ಇಲ್ಲೇ ನಿಲ್ಲೋಣ" ಅಂತ ದೋಣಿ ಹತ್ತುವಾಗಲೇ ಹೇಳಿಬಿಡಿ. ಗಿರಾಕಿ ಹೇಳಿದರೆ ಕೇಳುತ್ತಾರೆ.

ಒಂದು ಎಚ್ಚರಿಕೆ. ನೀರು ರಭಸವಾಗಿ ಇಳಿಯುವ ಹೊತ್ತಿನಲ್ಲಿ ಅಳಿವೆ ದಾಟಬೇಡಿ. ಹೊರಗೆ ಹೋಗುವ ನದಿ ಒಳಗೆ ಬರುವ ಅಲೆಗೆ ಎದುರಾಗಿ, ಅಲೆ ಕಡಿದಾಗಿ ಏಳುತ್ತದೆ. ಮಧ್ಯಾಹ್ನದ ಮೇಲೆ ಗಾಳಿಯೂ ಸೇರಿಕೊಳ್ಳುತ್ತದೆ. ಸಮುದ್ರಕ್ಕೆ ಇಳಿಯುವುದಿದ್ದರೆ ಬೆಳಗ್ಗೆಯೇ. ಲೈಫ್ ಜಾಕೆಟ್ ಮಕ್ಕಳ ಮೈಮೇಲೆ ಇರಬೇಕು, ಬೆಲ್ಟು ಬಿಗಿದಿರಬೇಕು. ಸೀಟಿನ ಕೆಳಗಲ್ಲ.

ದೊಡ್ಡವನಿಗೆ ಸಮುದ್ರ ಬೇಕೇ ಬೇಕು ಅಂದರೆ ಒಂದು ದಿನ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪ ನೋಡಿ ಬನ್ನಿ. ದಡದಿಂದ ಸುಮಾರು 19 ಕಿ.ಮೀ. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ಬೋಟಿನಲ್ಲಿ ಕೂತೇ ಕತ್ತೆತ್ತಿ ನೋಡಬಹುದು. ಪ್ರಯಾಣದಲ್ಲಿ ವಾಂತಿ ಆಗುವವರು ಮಾತ್ರ ದಡದಲ್ಲೇ ಉಳಿಯುವುದು ಒಳ್ಳೆಯದು.

ಪ್ರಶ್ನೆ: ಹೊನ್ನಾವರದ ಕಡೆ ಕಡಲಾಮೆ ಮೊಟ್ಟೆ ಇಡುತ್ತವಂತೆ. ರಾತ್ರಿ ಟಾರ್ಚ್ ಹಿಡಿದು ಹೋದರೆ ಕಾಣಬಹುದಾ?
– ಓದುಗರು, ಹಾಸನ

ಟಾರ್ಚ್ ಬೇಡವೇ ಬೇಡ. ಆಲಿವ್ ರಿಡ್ಲೆ ಆಮೆಗಳು ಚಳಿಗಾಲದ ರಾತ್ರಿಗಳಲ್ಲಿ ದಡಕ್ಕೆ ಬರುತ್ತವೆ. ಬೆಳಕು ಕಂಡರೆ ಮೊಟ್ಟೆ ಇಡದೆ ವಾಪಸ್ ಹೋಗುವುದುಂಟು. ಮೊಟ್ಟೆಯೊಡೆಯಲು 45ರಿಂದ 60 ದಿನ. ಹೊರಬಂದ ಮರಿಗಳು ಬೆಳಕಿರುವ ಕಡೆಗೆ ನಡೆಯುತ್ತವೆ. ಕತ್ತಲ ದಡದಲ್ಲಿ ಬೆಳಕು ಅಂದರೆ ಸಮುದ್ರ. ಟಾರ್ಚ್ ಬಿಟ್ಟರೆ ನಿಮ್ಮ ಕಡೆಗೇ ಬರುತ್ತವೆ, ಪಾಪ. ಅರಣ್ಯ ಇಲಾಖೆಯವರು ಗೂಡುಗಳಿಗೆ ಬೇಲಿ ಹಾಕಿ ಕಾಯುತ್ತಾರೆ. ಅವರನ್ನೇ ವಿಚಾರಿಸಿ, ಮರಿಗಳನ್ನು ಬಿಡುವ ದಿನ ಇದ್ದರೆ ಅವರ ಜೊತೆಗೇ ಹೋಗಿ. ಬೇಲಿ ಇಲ್ಲದ ಗೂಡು ನಿಮ್ಮ ಕಣ್ಣಿಗೆ ಬಿದ್ದರೆ ಮುಟ್ಟಬೇಡಿ, ಅಗೆಯಬೇಡಿ. ನಾಯಿ ಬರದಂತೆ ಒಬ್ಬರು ನಿಂತುಕೊಳ್ಳಿ, ಇನ್ನೊಬ್ಬರು ಇಲಾಖೆಗೆ ಫೋನ್ ಮಾಡಿ.